ಎರಡು ನಿಮಿಷ ಮೊದಲೇ ತೆರೆದ ಬಾಗಿಲು

ಗೆಳೆಯರೇ, ಇವತ್ತು ರಾಜಾಜಿನಗರದ ಮಲ್ಟಿಪ್ಲೆಕ್ಸಿನಲ್ಲಿ ನಮ್ಮಪ್ಪ ಜನರ ಕೈಲಿ ಬೈಸಿಕೊಂಡರು.

ಅಪ್ಪ ಮಾಗಡಿ ರಸ್ತೆಯ ಹಳೇ ಟಾಕೀಸಿನಲ್ಲಿ ಮೂವತ್ತು ವರ್ಷ ಗೇಟ್‌ಕೀಪರ್ ಆಗಿದ್ದವರು. ಅದನ್ನು ಒಡೆದ ಮೇಲೆ ಸಿನಿಮಾ ಕಡೆ ತಲೆ ಹಾಕಿರಲಿಲ್ಲ. ಬೆಳಗಿನ ಆಟಕ್ಕೆ ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದೆ. ಕ್ಲೈಮ್ಯಾಕ್ಸಿನಲ್ಲಿ ಹೀರೋ ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಡುತ್ತಿದ್ದಂತೆ ಅಪ್ಪ ಎದ್ದು ಹೋಗಿ, ಹೊರಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ನಿಂತರು. ಪರದೆಯ ಮೇಲೆಲ್ಲ ಬೆಳಕು ಬಿತ್ತು.

"ಅಂಕಲ್, ಡೋರ್ ಕ್ಲೋಸ್ ಮಾಡಿ. ಇನ್ನೂ ಮುಗ್ದಿಲ್ಲ, ಕಾಣ್ಸಲ್ವಾ ನಿಮ್ಗೆ?" ಎಂದು ಹಿಂದಿನ ಸಾಲಿನ ಹುಡುಗಿ ರೇಗಿದಳು.

"ಇನ್ನೆರಡು ನಿಮಿಷ ಅಷ್ಟೇ ಕಣಮ್ಮ. ಮುಗಿದ್ಮೇಲೆ ತೆಗೆದ್ರೆ ನೂಕುನುಗ್ಗಲಾಗುತ್ತೆ, ಮಕ್ಕಳುಮರಿ ಬಿದ್ದುಬಿಡ್ತವೆ" ಎಂದರು ಅಪ್ಪ, ಬಾಗಿಲು ಬಿಡದೆ.

ನಾನು ತಲೆ ತಗ್ಗಿಸಿ ಕೂತೆ. ಸರಿಯಾಗಿ ಎರಡು ನಿಮಿಷಕ್ಕೆ ಸಿನಿಮಾ ಮುಗಿಯಿತು. ಅಪ್ಪ ಅದನ್ನು ನೋಡಿದ್ದು ಇವತ್ತೇ ಮೊದಲು.

ಹೊರಗೆ ಹೋಗುತ್ತಿದ್ದ ಒಬ್ಬೊಬ್ಬರಿಗೂ, ಬೈದವಳಿಗೂ, "ನಿಧಾನ, ಮೆಟ್ಲಿದೆ" ಎಂದು ಹೇಳಿದರು. ಕೊನೆಗೆ ನಾನು ಬಂದಾಗ ಖಾಲಿ ಸೀಟುಗಳ ಕಡೆ ನೋಡಿ, "ಮಿಕ್ಕೋರೆಲ್ಲ ಎಲ್ಲೋ?" ಎಂದು ಕೇಳಿದರು.

ಒಳಗಿದ್ದದ್ದೇ ಒಂಬತ್ತು ಜನ, ಅಪ್ಪನನ್ನೂ ಸೇರಿಸಿ.