ಕ್ಲಚ್ಚು ಜಾರುತ್ತದೆ ಎಂದು ನಾನು ಹೇಳಲಿಲ್ಲ

ತಪ್ಪು ಮಾಡಿದವರು ನೀವು. ಕೈಮುಗಿದು ನಿಂತವನು ಇನ್ನೊಬ್ಬ. ಆಗ ಮುಖ ಎಲ್ಲಿಟ್ಟುಕೊಳ್ಳುತ್ತೀರಿ?

"ಗಾಡಿ ಕೆಡಿಸ್ಬುಟ್ಟೆ ಕಣಣ್ಣ, ತಪ್ಪಾಯ್ತು. ನಾನೇ ಸರಿ ಮಾಡಿಸ್ಕೊಡ್ತೀನಿ" ಅಂದವನು ಮಾದೇವ. ದೊಡ್ಡಗಾಜನೂರಿನಲ್ಲಿ ನಮ್ಮ ಪಕ್ಕದ ಮನೆಯವನು. ನನ್ನ ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದ. ನಾನು ಕೀ ಇಸಿದುಕೊಂಡು ಒಳಗೆ ಹೋದೆ.

ಮೊದಲಿಂದ ಹೇಳುತ್ತೇನೆ.

ನನ್ನ ಬೈಕಿಗೆ ಹದಿನೆಂಟು ವರ್ಷ. ರಿಪೇರಿಯೆಲ್ಲ ನನ್ನದೇ. (ಮೆಕ್ಯಾನಿಕ್‌ಗಳ ಬಗ್ಗೆ ಈ ಅಂಕಣದಲ್ಲಿ ಎಷ್ಟು ಸಲ ಕೊಂಕು ನುಡಿದಿದ್ದೇನೆ, ನಿಮಗೇ ಗೊತ್ತು.) ಎರಡು ತಿಂಗಳಿಂದ ಇಂಜಿನ್ನಿನ ಬಲಮಗ್ಗುಲಲ್ಲಿ ಆಯಿಲ್ ಜಿನುಗುತ್ತಿತ್ತು. ಬಟ್ಟೆ ಸೋಪು ಮೆತ್ತಿದೆ. ನಿಂತಿತು. ಕ್ಲಚ್ಚಿನ ಹಿಡಿ ಸಡಿಲ ಅನ್ನಿಸಿತು. ಕೇಬಲ್ ಬಿಗಿದೆ. ಅಂದಿನಿಂದ ಹೊಸ ರೋಗ: ಏರಿನಲ್ಲಿ ಇಂಜಿನ್ ಅರಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇಳಿದು, ಹಿಡಿಯ ಹತ್ತಿರದ ಸಣ್ಣ ನಟ್ಟನ್ನು ಎರಡು ಸುತ್ತು ಸಡಿಲಿಸಿದರೆ ಮತ್ತೆ ಎಳೆಯುತ್ತದೆ. ಮನೆಗೆ ಬಂದ ಮೇಲೆ ಪುನಃ ಬಿಗಿಯುತ್ತಿದ್ದೆ. ಸಡಿಲ ಹಿಡಿ ಕಂಡರೆ ನನಗಾಗದು, ಬುದ್ಧಿ ಇದ್ದದ್ದೇ ಅಷ್ಟು.

ಹೋದ ತಿಂಗಳು ಒಂದು ಮಧ್ಯಾಹ್ನ ಹಾಸನೂರಿನಿಂದ ನಮ್ಮೂರಿನ ಎಸ್‌ಟಿಡಿ ಬೂತಿಗೆ ಫೋನ್ ಬಂತು. ಮಾದೇವನ ಹೆಂಡತಿ ಸಿದ್ದಮ್ಮನ ಅಪ್ಪನಿಗೆ ಮೇಲುಸಿರು. ಒಬ್ಬಳೇ ಮಗಳು. ಅವಳ ಕೈಯಿಂದ ಬಾಯಿಗೆ ಒಂದು ಗುಟುಕು ನೀರು ಬಿಡಿಸಬೇಕು, ಬೇಗ ಬನ್ನಿ. ಬಸ್ಸು ಹೋಗಿಯಾಗಿತ್ತು. ಮಾದೇವ ನಮ್ಮ ಮನೆಗೆ ಓಡಿಬಂದ. ಕೀ ಕೊಟ್ಟೆ.

"ಗಾಡಿ ಎಂಗದೆ ಅಣ್ಣ? ಕಾಡು ರಸ್ತೆ ಬ್ಯಾರೆ."

"ಚೆಂದಾಗದೆ. ಓಗ್ಬುಟ್ಟು ಬಾ ಕಣ್ಲಾ."

ಸಿದ್ದಮ್ಮ ಆಗಲೇ ಹಿಂದೆ ಕೂತಿದ್ದಳು, ಸೆರಗನ್ನು ಬಾಯಿಗೊತ್ತಿಕೊಂಡು. ನಮ್ಮ ಕಡೆ ಹೊರಟು ನಿಂತವರ ಮುಂದೆ ಕೆಟ್ಟ ಮಾತು ಆಡುವುದಿಲ್ಲ. ಎಲ್ಲಿಗೆ ಎಂದು ಕೇಳುವುದೂ ಇಲ್ಲ. ಅಂಥದ್ದರಲ್ಲಿ, ಸಾಯುತ್ತಿರುವ ಅಪ್ಪನನ್ನು ನೋಡಲು ಹೊರಟವಳ ಎದುರು 'ಗಾಡಿ ಏರಿನಲ್ಲಿ ಕೈಕೊಡಬಹುದು' ಅನ್ನುವುದು ಹೇಗೆ? ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ನಿಜ ಹೇಳಲೇ? ಶಕುನದ ಭಯ ಅರ್ಧ. ಇನ್ನರ್ಧ ಜಂಬ. ನನ್ನ ಕೈರಿಪೇರಿ ಸರಿಯಿಲ್ಲ ಎಂದು ನನ್ನ ಬಾಯಿಂದಲೇ ಹೇಗೆ ಬರಬೇಕು?

ಕಾಡಿನ ನಡುವೆ ಏರಿನಲ್ಲಿ ಗಾಡಿ ನಿಂತಿತು. ಮಾದೇವನಿಗೆ ನಟ್ಟಿನ ಸಂಗತಿ ಗೊತ್ತಿಲ್ಲ. ಎಕ್ಸಿಲರೇಟರ್ ತಿರುವಿದ. ಸುಟ್ಟ ವಾಸನೆ ಬಂತು. ಇಳಿದು ತಳ್ಳಿದರು. ಪಕ್ಕದಲ್ಲೇ ಆನೆ ಬಿದಿರು ಮುರಿಯುವ ಸದ್ದು. ಗಂಡಹೆಂಡತಿ ಉಸಿರು ಬಿಗಿಹಿಡಿದು ನಿಂತರಂತೆ. ಮುಕ್ಕಾಲು ಗಂಟೆಯ ಮೇಲೆ ಒಂದು ಕೋಸಿನ ಲಾರಿ ಬಂದು ಅವರನ್ನೂ ಬೈಕನ್ನೂ ಹತ್ತಿಸಿಕೊಂಡಿತು.

ಹಾಸನೂರು ಮುಟ್ಟಿದಾಗ ಮುದುಕ ಕಣ್ಣು ಮುಚ್ಚಿ ಹತ್ತು ನಿಮಿಷವಾಗಿತ್ತು. ನೀರು ಬಿಟ್ಟದ್ದು ಪಕ್ಕದ ಮನೆಯವರು.

ಮಾದೇವ ಬೈಕು ತಂದುಕೊಟ್ಟ ಮಾರನೆಯ ದಿನ ಅದನ್ನು ತಾಳವಾಡಿಯ ಮೆಕ್ಯಾನಿಕ್ ಪಳನಿಯ ಹತ್ತಿರ ಒಯ್ದೆ. ಅವನು ಬಲಗಡೆಯ ಮುಚ್ಚಳ ಬಿಚ್ಚಿದ. ಕ್ಲಚ್ ಪ್ಲೇಟುಗಳು ಕರ್ರಗಾಗಿದ್ದವು. ಸೋಪು ಬಿಸಿಗೆ ಕರಗಿ ಆಯಿಲ್ ಅರ್ಧಕ್ಕರ್ಧ ಸೋರಿತ್ತು.

"ಮುಚ್ಚಳದ ಸಂದಿಗೆ ಗ್ಯಾಸ್ಕೆಟ್ ಆಕ್ಬೇಕಾಗಿತ್ತು ಸಾರ್, ಸೋಪಲ್ಲ. ಕ್ಲಚ್ ಇಡಿಗೆ ಒಂಚೂರು ಸಡಿಲ ಬುಡ್ಬೇಕು. ಬಿಗಿದ್ರೆ ಪ್ಲೇಟು ಒಂದಕ್ಕೊಂದು ಕಚ್ಚಕಿಲ್ಲ. ಜಾರಿ ಜಾರಿ ಸುಟ್ಟೋಯ್ತವೆ."

ತಲೆಯಾಡಿಸಿದೆ. ಬಿಗಿದವರು ಯಾರು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅಲ್ಲಿಯೂ ಸುಳ್ಳು ಹೇಳುತ್ತಿದ್ದೆನೋ ಏನೋ.

ಬೈಕು ಈಗ ಸರಿಯಾಗಿದೆ. ಒಂದು ತೊಟ್ಟೂ ಸೋರುವುದಿಲ್ಲ. ಆದರೆ ಅದನ್ನು ಹತ್ತಿದಾಗಲೆಲ್ಲ ಕೈ ಆ ನಟ್ಟಿನ ಮೇಲೇ ಹೋಗುತ್ತದೆ. ನಟ್ಟು ತಿರುಗಿಸಲು ಅರ್ಧ ನಿಮಿಷ ಸಾಕಿತ್ತು. ಅದನ್ನು ಹೇಳಲು ಅಷ್ಟೂ ಬೇಕಿರಲಿಲ್ಲ.

ಅಪ್ಪನ ತಿಥಿ ಮುಗಿಸಿ ಸಿದ್ದಮ್ಮ ಮೊನ್ನೆ ವಾಪಸಾದಳು. ನಿನ್ನೆ ಅವರ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ: ಸೋಪು, ಕೇಬಲ್ಲು, ನಟ್ಟು, ನುಂಗಿದ ಮಾತು. ಮಾದೇವ ನೆಲ ನೋಡುತ್ತ "ಓಗ್ಲಿ ಬುಡಣ್ಣ" ಅಂದ. ಸಿದ್ದಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೈ ನಿಂತಿತು.

"ಒಂಟು ನಿಂತವ್ರ ಮುಂದೆ ಕೆಟ್ಟ ಮಾತಾಡ್ಬಾರ್ದು ಅಂತ ನಮ್ಮಪ್ಪನೂ ಏಳ್ತಿದ್ದ" ಅಂದಳು. ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿದಳು.

"ಆದ್ರೆ ಬಾವ, ಇದ್ದದ್ದು ಇದ್ದಂಗೆ ಏಳೋದು ಕೆಟ್ಟ ಮಾತಾ?"