ಹಗ್ಗದಲ್ಲಿ ನೇತಾಡಿದ ದೊರೆ

ಮೊನ್ನೆ ಶುಕ್ರವಾರ ಬೆಳಿಗ್ಗೆ, ನನ್ನ ಕಾಫಿ ಇನ್ನೂ ಇಳಿದಿರಲಿಲ್ಲ, ಒಬ್ಬ ಇಂಗ್ಲಿಷ್ ದೊರೆಯನ್ನು ಪಾತಾಳದಲ್ಲಿ ನೇತುಹಾಕಿ ನೆಮ್ಮದಿಯಾಗಿ ನಿದ್ದೆಮಾಡಿದೆ ಎಂಬ ಆರೋಪ ನನ್ನ ಮೇಲೆ ಬಂತು.

ಆರೋಪ ಹೊತ್ತು ತಂದವರು ಎದುರುಮನೆಯ ಮಹದೇವಮ್ಮ. ನಮ್ಮ ಹುಣಸೂರಿನ ಪೇಟೆಯಲ್ಲಿ ಅವರ ಯಜಮಾನರದು ಬೆಲ್ಲದ ಮಂಡಿ. ಬೆಲ್ಲದ ಮನೆಯವರಾದರೂ ಅಂದು ಅವರ ಮಾತಿನಲ್ಲಿ ಸಿಹಿ ಇರಲಿಲ್ಲ.

"ಅಲ್ಲ ಅಮ್ಮಾರೇ, ಆಯಪ್ಪನ್ನ ಅಲ್ಲೇ ನೇತಾಕ್ಬುಟ್ಟು ಎಂಗ್ ಬಂತು ನಿಮ್ಗೆ ನಿದ್ದೆ?"

ಗಾಬರಿಯಾಗಬೇಡಿ. ಕೊಲೆಯೂ ಅಲ್ಲ, ಕೋರ್ಟೂ ಅಲ್ಲ. ಇದು ಓದಿನ ವಿಷಯ.

ಗುರುವಾರ ಮಧ್ಯಾಹ್ನ ನಮ್ಮ ಬೀದಿಯ ಹೆಂಗಸರು ನನ್ನ ಮನೆಯ ವರಾಂಡದಲ್ಲಿ ಸೇರುತ್ತಾರೆ. ಅವರ ಮುಂದೆ ನೆನೆದ ಅವರೆಕಾಳು, ನನ್ನ ಮುಂದೆ ಪುಸ್ತಕ. ಅವರು ಕಾಳು ಹಿತುಕುತ್ತಾರೆ. ನಾನು ಇಂಗ್ಲಿಷಿನಲ್ಲಿ ಕಣ್ಣಾಡಿಸಿ ಕನ್ನಡದಲ್ಲಿ ಬಾಯಾಡಿಸುತ್ತೇನೆ. ಏಳುವಾಗ ನನಗೊಂದು ಬಟ್ಟಲು ಹಿತಕಿದ ಬೇಳೆ ಸಿಗುತ್ತದೆ. (ಕಾನ್ವೆಂಟ್ ಇಂಗ್ಲಿಷಿಗೆ ಇಷ್ಟು ರುಚಿಯಾದ ಉಪಯೋಗವಿದೆಯೆಂದು ನಮ್ಮ ಸಿಸ್ಟರುಗಳು ಹೇಳಿರಲೇ ಇಲ್ಲ.)

ಶುರುವಿನಲ್ಲಿ ಒಂದು ಕಾದಂಬರಿ ಹಿಡಿದುಕೊಂಡೆ. ನಾಯಕಿ ಅಳತೊಡಗಿದಳು. ಇದು ನಿಜವಾಗಿ ನಡೆದದ್ದೇ ಎಂದು ಮಹದೇವಮ್ಮ ಕೇಳಿದರು. ಇಲ್ಲ, ಬರೆದವರ ಕಲ್ಪನೆ ಎಂದೆ. ನಡೆಯದೇ ಇದ್ದದ್ದಕ್ಕೆ ನಾವು ಯಾಕೆ ಮರುಗಬೇಕು ಎಂದರು. ನಾನು ಕಾದಂಬರಿಯನ್ನು ಮುಚ್ಚಿಟ್ಟೆ. ನಿಮಗೇನಾದರೂ ಉತ್ತರ ಹೊಳೆಯುತ್ತದೆಯೇ?

ಅಂದಿನಿಂದ ನಮ್ಮ ವರಾಂಡದಲ್ಲಿ ನಡೆದದ್ದಕ್ಕೆ ಮಾತ್ರ ಪ್ರವೇಶ. ಮತ್ತು ಪುಸ್ತಕ ಮುಗಿದ ಮೇಲೆ ಅಭಿಪ್ರಾಯ! ಮದರಾಸಿನ ಪತ್ರಿಕೆಗಳ ಕ್ರಿಟಿಕ್ಕುಗಳು ಬಂದು ಇವರಿಂದ ಕಲಿಯಬೇಕು. ಜೇನುಸಾಕಣೆಯ ಪುಸ್ತಕ ಬಹಳ ಹಿಡಿಸಿತು. ಅದರಲ್ಲಿ ಗಂಡುಹುಳು ಏನೂ ಕೆಲಸ ಮಾಡದೆ ಕೂತು ತಿನ್ನುತ್ತದೆ ಎಂಬ ಭಾಗವನ್ನು ಎರಡು ಸಲ ಓದಿಸಿದರು. ಗ್ರಹ ನಕ್ಷತ್ರಗಳ ಪುಸ್ತಕ ಚೆನ್ನಾಗಿದೆ, ಆದರೆ ಅದರಲ್ಲಿ ನೆಂಟರಿಷ್ಟರು ಯಾರೂ ಇಲ್ಲ ಎಂದರು. ಹೋಮ್ ಹೈಜೀನ್ ಬಗ್ಗೆ ಒಬ್ಬ ಲೇಡಿ ಬರೆದದ್ದು ಅರ್ಧಕ್ಕೇ ನಿಂತಿತು. ಸಗಣಿಯ ವಿಷಯದಲ್ಲಿ ಆಕೆಯ ಧೋರಣೆ ಯಾರಿಗೂ ಸರಿಬರಲಿಲ್ಲ.

ಆಮೇಲೆ ಬಂದದ್ದೇ ಈ ಗುಹೆಯ ದೊರೆ. ಹಗ್ಗ ಕಟ್ಟಿಕೊಂಡು ಆಳವಾದ ಗುಹೆಗಳಿಗೆ ಇಳಿಯುವುದು ಈ ಮಹಾರಾಯನ ಹಾಬಿ. (ಇಂಗ್ಲೆಂಡಿನಲ್ಲಿ ಮನೆಯೊಳಗೆ ಅಷ್ಟು ಬೋರೇ?) ಪುಸ್ತಕದ ತುಂಬ ‘ನಾನು ಇಳಿದೆ, ನಾನು ಜಾರಿದೆ’. ಅದನ್ನು ಹಾಗೇ ಹೇಳಿದರೆ, ಈ ಸೊಂಟನೋವಿನವಳು ಹಗ್ಗ ಹಿಡಿದು ಇಳಿದಂತೆ ಕಲ್ಪಿಸಿಕೊಂಡು ಎಲ್ಲರೂ ನಗುತ್ತಿದ್ದರು. ಅದಕ್ಕೇ ‘ದೊರೆ ಇಳಿದ, ದೊರೆ ಜಾರಿದ’ ಎಂದು ಬದಲಾಯಿಸಿಕೊಂಡೆ.

ಕಳೆದ ಗುರುವಾರ ದೊರೆ ಬಾವಿಯಂಥ ಒಂದು ಕೊರಕಲಿಗೆ ಇಳಿದ. ಅರ್ಧದಲ್ಲಿ ಹಗ್ಗ ಬಂಡೆಗೆ ಸಿಕ್ಕಿಕೊಂಡಿತು. ಕೆಳಗೆ ಕತ್ತಲು. ಮೇಲೆ ಹಗ್ಗ ನೋಡಿಕೊಳ್ಳಬೇಕಾಗಿದ್ದವನು ಯಾರು? ಅವನ ಬಾಮೈದ, ಹೆಂಡತಿಯ ತಮ್ಮ. ದೊರೆ ಕೂಗಿದ. ಬಾಮೈದನಿಂದ ಉತ್ತರವಿಲ್ಲ.

ಅಲ್ಲಿಗೆ ನಾನು ಪುಸ್ತಕ ಮುಚ್ಚಿದೆ. ಬೇಕೆಂತಲೇ. ಕಾನ್ವೆಂಟಿನಲ್ಲಿ ಸಾಯಂಕಾಲ ಓದಿ ಹೇಳುತ್ತಿದ್ದ ಸಿಸ್ಟರ್ ಹೀಗೇ ಮಾಡುತ್ತಿದ್ದರು. ಸಸ್ಪೆನ್ಸ್, ಗರ್ಲ್ಸ್, ಎಂದು ದೀಪ ಹಿಡಿದು ಹೊರಟೇಬಿಡುತ್ತಿದ್ದರು. ಆ ಧ್ವನಿ ಇಂದಿಗೂ ಕಿವಿಯಲ್ಲಿದೆ.

ಆದರೆ ಹುಣಸೂರು ಕಾನ್ವೆಂಟಲ್ಲವಲ್ಲ. ಇಲ್ಲಿ ಪುರಾಣ ಓದುವವರು ಕಷ್ಟದ ಜಾಗದಲ್ಲಿ ನಿಲ್ಲಿಸುವುದಿಲ್ಲ. ಗಂಟಲು ಹರಿದರೂ ಓದುತ್ತಾರೆ, ಒಂದು ಮದುವೆಯೋ, ಮಗು ಹುಟ್ಟುವುದೋ, ಕೊನೆಗೆ ಯಾರಾದರೂ ಹೊಟ್ಟೆತುಂಬ ಉಂಡದ್ದೋ ಬರುವವರೆಗೆ. ಶುಭದಲ್ಲಿ ನಿಲ್ಲಿಸಿ ಮಂಗಳಾರತಿ. ದುಃಖದಲ್ಲಿ ನಿಲ್ಲಿಸಿದರೆ ಕೇಳಿದವರ ಮನೆಗೆ ಒಳ್ಳೆಯದಲ್ಲವಂತೆ. ಆ ನಿಯಮ ಇಂಗ್ಲಿಷ್ ಗುಹೆಗಳಿಗೂ ಅನ್ವಯಿಸುತ್ತದೆಂದು ನನಗೇನು ಗೊತ್ತು?

ಮಹದೇವಮ್ಮನ ಮನೆಯಲ್ಲಿ ಕೇಳಿದವಳು ಬಸುರಿ ಸೊಸೆ. ಗೌರಿ, ಚೊಚ್ಚಲು. ಆ ಶುಕ್ರವಾರವೇ ಮಧ್ಯಾಹ್ನದ ಬಸ್ಸಿಗೆ ಹೆರಿಗೆಗೆಂದು ಮಿರ್ಲೆಯ ತವರಿಗೆ ಹೊರಡಬೇಕು. ರಾತ್ರಿಯಿಡೀ ಹುಡುಗಿ ಕಣ್ಣು ಮುಚ್ಚಿಲ್ಲ. ಕಣ್ಣು ಮುಚ್ಚಿದರೆ ಹಗ್ಗ, ತೆರೆದರೆ ಬಾಮೈದ. ದೊರೆ ಮೇಲೆ ಬರುವವರೆಗೆ ಬಸ್ಸು ಹತ್ತುವುದಿಲ್ಲ ಎಂದು ಕೂತುಬಿಟ್ಟಿದ್ದಾಳೆ. ಅಲ್ಲಿ ತವರಿನವರು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾರೆ, ದಿನ ನೋಡಿ ಗೊತ್ತುಮಾಡಿದ್ದಾರೆ. ಏನು ಮಾಡುವುದು?

ಓದಿಬಿಡೋಣ, ಅದಕ್ಕೇನು, ಎಂದು ಹೇಳಲು ಬಾಯಿ ತೆರೆದೆ. ಧ್ವನಿಯೇ ಇಲ್ಲ! ಹಿಂದಿನ ದಿನ ಬಾಮೈದನನ್ನು ಕೂಗಿ ಕೂಗಿ (ನಾನು ಸ್ವಲ್ಪ ಆಕ್ಟಿಂಗ್ ಕೂಡ ಮಾಡುತ್ತೇನೆ) ಗಂಟಲು ಕಟ್ಟಿಹೋಗಿತ್ತು. ಮಹದೇವಮ್ಮ ಶುಂಠಿ, ಮೆಣಸು, ತಮ್ಮ ಅಂಗಡಿಯ ಬೆಲ್ಲ ಎಲ್ಲ ಹಾಕಿ ಕಷಾಯ ಕುಡಿಸಿದರು. ಕಣ್ಣಲ್ಲಿ ನೀರು ಬಂತು, ಧ್ವನಿ ಬರಲಿಲ್ಲ.

ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಬಸ್ಸು ಹೊರಡುವುದರೊಳಗೆ ಅಜ್ಜಿ ಹೇಳಿಬಿಡುತ್ತಾರೆಂದು ಪುಸಲಾಯಿಸಿ ಗೌರಿಯನ್ನು ಹೊರಡಿಸಿದರು. ಹಿಂದೆ ಗಂಟು ಮೂಟೆ, ಅದರ ಹಿಂದೆ ಕೊರಳಿಗೆ ಮಫ್ಲರ್ ಸುತ್ತಿಕೊಂಡ ನಾನು, ಕಂಕುಳಲ್ಲಿ ದೊರೆ.

ಇನ್ನೂ ಹೊರಡದೆ ನಿಂತಿದ್ದ ಬಸ್ಸಿನ ಮುಂದಿನ ಸೀಟಿನಲ್ಲಿ ಗೌರಿಯ ಪಕ್ಕ ಕೂತು ಅವಳ ಕಿವಿಯಲ್ಲಿ ಪಿಸುಗುಟ್ಟತೊಡಗಿದೆ. ಹಿಂದಿನ ಸೀಟಿನಿಂದ ಮಹದೇವಮ್ಮ, "ಏನಂದ್ರು, ನಂಗೂ ಏಳು" ಎಂದರು. ಗೌರಿ ನನ್ನ ಪಿಸುಮಾತನ್ನು ಗಟ್ಟಿಯಾಗಿ ಹೇಳಿದಳು. ಇಡೀ ಬಸ್ಸಿಗೆ ಕೇಳಿಸಿತು.

ಈಗ ಒಂದು ಗುಟ್ಟು ಹೇಳುತ್ತೇನೆ. ನಮ್ಮ ಯಜಮಾನರು ಹೋದ ಮೇಲೆ ನನಗೆ ಯಾರೂ ಪೇಪರು ಕೂಡ ಓದಿ ಹೇಳಿದ್ದಿಲ್ಲ. ನಾನೇ ಎಲ್ಲರಿಗೂ ಓದುವವಳು. ನನ್ನ ವಾಕ್ಯಗಳು ಇನ್ನೊಂದು ಕೊರಳಿನಲ್ಲಿ, ಆ ಹುಡುಗಿಯ ಸಣ್ಣ ಧ್ವನಿಯಲ್ಲಿ ವಾಪಸು ಬಂದಾಗ ಎಷ್ಟು ಹಿತವಾಯಿತು ಅಂತೀರಿ! ಒಂದು ಕ್ಷಣ ಮುಂದಿನ ಸಾಲು ಹೇಳುವುದನ್ನೇ ಮರೆತೆ.

ಮರೆತರೂ ಏನೂ ನಷ್ಟವಿರಲಿಲ್ಲ. ಏಕೆಂದರೆ ದೊರೆ ನೇತಾಡುತ್ತಲೇ ಬಂಡೆಯ ವರ್ಣನೆ ಶುರುಮಾಡಿದ್ದ. ಸುಣ್ಣದ ಕಲ್ಲಿನ ಪದರ. ಅದರ ಬಣ್ಣ. ಆಮೇಲೆ ಬಾವಲಿಗಳು. ಅವುಗಳ ಕಿವಿ. ನಡೆದ ಕಥೆಗಳ ದೊಡ್ಡ ದೋಷ ಇದೇ ನೋಡಿ, ಜೀವ ಹೋಗುವ ಹೊತ್ತಿನಲ್ಲೂ ಲೇಖಕನಿಗೆ ಜನರಲ್ ನಾಲೆಜ್!

ಬಸ್ಸಿನವರಿಗೆ ತಾಳ್ಮೆ ಕೆಟ್ಟಿತು. ಬಾವಲಿ ಬಿಟ್ಟುಬಿಡಿ ಎಂದರು ಕೆಲವರು. ಬಿಡಕೂಡದು, ಪುರಾಣದಲ್ಲಿ ಅಧ್ಯಾಯ ಹಾರಿಸುತ್ತಾರೆಯೇ ಎಂದರು ಕೆಲವರು. ಬಾಮೈದನ ಕೈಗೆ ಹಗ್ಗ ಕೊಟ್ಟು ಇಳಿದವನಿಗೆ ಹೀಗೇ ಆಗಬೇಕು ಎಂದಳು ಮೂಲೆಯ ಒಬ್ಬ ಮುದುಕಿ. ಅವಳಿಗೂ ಒಬ್ಬ ತಮ್ಮನಿದ್ದನಂತೆ. ಕಂಡಕ್ಟರು ಬಾಯಲ್ಲಿ ಸೀಟಿ ಇಟ್ಟುಕೊಂಡು, ಊದದೆ, ನನ್ನ ಹತ್ತಿರ ಬಗ್ಗಿದ.

"ಅಮ್ಮಾವ್ರೇ, ಬಿರ್ನೆ ಮ್ಯಾಕೆ ಎಳ್ಕೊಬುಡಿ. ಟೈಮಾಯ್ತು."

ನಾನೇನು ಎಳೆಯಲಿ? ಕಾದಂಬರಿಯಾಗಿದ್ದರೆ ಎಳೆದುಬಿಡುತ್ತಿದ್ದೆ. ಇದು ನಡೆದದ್ದು! ಪುಟ ತಿರುವಿದೆ, ಇನ್ನೂ ಬಾವಲಿಯೇ.

ಆಗ ಹಿಂದಿನಿಂದ ಕೆ.ಆರ್. ನಗರದ ಒಬ್ಬ ಮೇಷ್ಟರು ಎದ್ದು, ಪುಸ್ತಕ ಬರೆದವರು ಯಾರು ಎಂದು ವಿನಯವಾಗಿ ಕೇಳಿದರು. ದೊರೆಯೇ ಎಂದೆ, ಗೌರಿ ಗಟ್ಟಿಯಾಗಿ ಹೇಳಿದಳು. "ಅಂದ್ಮೇಲೆ ಮೇಲೆ ಬಂದೇ ಬರ್ದಿರ್ಬೇಕಲ್ಲ" ಎಂದರು ಮೇಷ್ಟರು.

ಇಡೀ ಬಸ್ಸು ಅವರತ್ತ ತಿರುಗಿತು. ನನಗೂ ಹೊಳೆದಿರಲಿಲ್ಲ. ಡಿಯರ್ ಮಿ!

ಮೇಷ್ಟರು ಪಾಪ, ಶಾಭಾಸ್ ಎನ್ನುತ್ತಾರೆಂದು ನಿಂತೇ ಇದ್ದರು. ಕಥೆ ಕೆಡಿಸಿದವನು ಎಂದು ಎಲ್ಲರೂ ಅವರ ಮೇಲೆ ಬಿದ್ದರು. ಅವರು ಕೂತು ಕೊಡೆಯ ಹಿಂದೆ ಮುಖ ಮರೆಸಿಕೊಂಡರು. ಇನ್ನೇನು, ಗೌರಿಗೆ ಸಮಾಧಾನವಾಯಿತಲ್ಲ ಎಂದು ನಾನು ಏಳಹೋದರೆ ಹುಡುಗಿ ನನ್ನ ಸೆರಗು ಹಿಡಿದಳು.

"ಬಂದ, ಸರಿ. ಎಳ್ದೋರ್ಯಾರು ಅಜ್ಜಿ?"

ಪುಟಗಳನ್ನು ದಬದಬನೆ ತಿರುವಿದೆ. ಬಾವಲಿ ಮುಗಿದಿತ್ತು. ದೊರೆಯ ಹೆಂಡತಿ ಊಟದ ಬುಟ್ಟಿ ತಂದಿದ್ದಳು. ನೋಡಿದರೆ ಅವಳ ತಮ್ಮ, ಹಗ್ಗವನ್ನು ಮರಕ್ಕೆ ಕಟ್ಟಿ, ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಗಂಡ ಇಲ್ಲ. ಆಕೆ ತಮ್ಮನಿಗೆ ಏನಂದಳೋ, ದೊರೆ ಬರೆದಿಲ್ಲ. (ಮಹದೇವಮ್ಮ ತಾವೇ ಎರಡು ಮಾತು ಸೇರಿಸಿದರು.) ದಾರಿಹೋಕರನ್ನು ಕರೆದು, ತಾನೂ ಕೈಹಚ್ಚಿ ಎಳೆದಳು. ದೊರೆ ಮೇಲೆ ಬಂದ. ಹುಲ್ಲಿನ ಮೇಲೆ ಕೂತು ಹೊಟ್ಟೆತುಂಬ ಉಂಡ.

"ಉಂಡ್ನಾ? ಅಲ್ಗೇ ನಿಲ್ಸಿ" ಎಂದರು ಮಹದೇವಮ್ಮ.

ನಿಲ್ಲಿಸಿದೆ. ಗೌರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಕಂಡಕ್ಟರು ಎರಡು ಸಲ ಸೀಟಿ ಊದಿ ರೈಟ್ ಎಂದ. ಇದಕ್ಕಿಂತ ಒಳ್ಳೆಯ ಮಂಗಳಾರತಿ ನಾನು ಕಂಡಿಲ್ಲ.

ಮಹದೇವಮ್ಮನೂ ನಾನೂ ಇಳಿದು ಬಸ್ಸು ಹೊರಟಾಗ ಕಿಟಕಿಗಳಿಂದ ಮುಂದಿನ ಪುಸ್ತಕಕ್ಕೆ ಸಲಹೆಗಳು ಬಿದ್ದವು. ಒಬ್ಬರಿಗೆ ದನಗಳ ರೋಗದ್ದು ಬೇಕು, ಒಬ್ಬರಿಗೆ ಸಮುದ್ರದ್ದು. ಬಾವಲಿ ಬೇಡ ಎಂಬುದು ಮಾತ್ರ ಸರ್ವಾನುಮತ. ಮನೆಗೆ ನಡೆಯುತ್ತ ಮಹದೇವಮ್ಮನನ್ನು ಪಿಸುದನಿಯಲ್ಲೇ ಕೇಳಿದೆ, ನಿಮಗೇನು ಬೇಕು? ಇಷ್ಟು ದಿನ ದೊರೆಯ ಮಾತೊಂದೇ ಕೇಳಿದ್ದು ನ್ಯಾಯವಲ್ಲ, ಇನ್ನೊಂದು ಕಡೆಯವರದ್ದೂ ಕೇಳಬೇಕು ಎಂದರು. ವರಾಂಡದವರೂ ಒಪ್ಪಿದ್ದಾರೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ: ಆ ಬಾಮೈದ ಬರೆದ ಪುಸ್ತಕ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದೆಯೇ?