ಗಿರಣಿ ಗುರುಬಸವ್ವನ ಫಾರಿನ್ ಬಾಡಿಗೆದಾರಳು

ಹಳಿಯಾಳದ ಅಂಚಿನ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಗುರುಬಸವ್ವನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಜೋಳ ತಂದವರ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ತಳದಲ್ಲಿ ಕಲ್ಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಗಿರಣಿಗೆ ಸುರಿಯುವವಳು. ಬೆಳಗಿನ ಲಿಂಗಪೂಜೆಗೆ ಕಣ್ಣು ಮುಚ್ಚಿದರೂ ಒಂದು ಕಿವಿ ಓಣಿಯ ಕಡೆಗೇ ಇರುತ್ತದೆ. ಗಂಡ ಕರಿಬಸಪ್ಪ ಹೊಲ ನೋಡಿಕೊಂಡು ತೆಪ್ಪಗಿರುವ ಮನುಷ್ಯ. ಮೂವತ್ತು ವರ್ಷ ಸಂಸಾರ ಮಾಡಿದರೂ ಅವಳ ಪರೀಕ್ಷೆಯಲ್ಲಿ ಅವನೂ ಇನ್ನೂ ಪೂರ್ತಿ ಪಾಸಾಗಿಲ್ಲ.

ಇಂಥವಳು ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದು 'ಫಾರಿನ್' ಎಂಬ ಒಂದೇ ಮಾತಿಗೆ ಮರುಳಾಗಿ. ಚರ್ಚಿನವರು ನಡೆಸುವ ಸಿದ್ದಿ ಮಕ್ಕಳ ಹಾಸ್ಟೆಲಿನ ವಾರ್ಡನ್ ರೋಜಿ ಬಂದು, "ಅಕ್ಕಾರ, ಫಾರಿನ್‌ನಿಂದ ಒಬ್ರು ಮೇಡಂ ನಮ್ಮ ಹಾಸ್ಟೆಲಿಗೆ ಸೇವಾಕ್ಕ ಬರಾಕತ್ಯಾರ್ರಿ, ಒಂದು ಖೋಲಿ ಬೇಕಾಗಿತ್ತು" ಎಂದಿದ್ದಳು. ಗುರುಬಸವ್ವ ಗೋಡೆಗೆ ಸುಣ್ಣ ಹೊಡೆಸಿ, ಬೆಳ್ಳನೆಯ ಮೇಡಮ್ಮಿಗಾಗಿ ಕಾದಳು. ರಿಕ್ಷಾದಿಂದ ಇಳಿದವಳು ಕಪ್ಪು ಮೈಬಣ್ಣದ, ಗುಂಗುರು ಕೂದಲಿನ ಹುಡುಗಿ. ಹೆಸರು ನೀಮಾ.

"ಇದ್ಯಾವ ಫಾರಿನ್ನ ಬೇ? ಇಂಥವ್ರು ದಿನಾ ನಮ್ಮ ಹೊಲಕ್ಕ ಕಳೆ ತಗ್ಯಾಕ ಬರ್ತಾರ" ಎಂದಳು ಗುರುಬಸವ್ವ.

"ಆಫ್ರಿಕಾ ರೀ ಅಕ್ಕಾರ, ತಾಂಜಾನಿಯಾ ಅಂತ" ಎಂದಳು ರೋಜಿ. ರೋಜಿಯೂ ಸಿದ್ದಿ ಹೆಂಗಸೇ. ಇಬ್ಬರೂ ಅಕ್ಕಪಕ್ಕ ನಿಂತಾಗ ಗುರುಬಸವ್ವನ ಕಣ್ಣಿಗೆ ಅಕ್ಕತಂಗಿಯರಂತೆ ಕಂಡರು. ಸಿದ್ದಿಗಳ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದಲೇ ಬಂದವರು ಎಂಬುದು ಅವಳಿಗೂ ಗೊತ್ತು. ಆದರೆ ಈ ಹುಡುಗಿ ಮೊನ್ನೆ ಬಂದವಳು ಎಂದರೆ ನಂಬಲು ಅವಳೇನು ಹುಚ್ಚಿಯೇ?

ಸಂಶಯಕ್ಕೆ ಇನ್ನೊಂದು ಬೇರೂ ಇತ್ತು. ಮೂರು ವರ್ಷದ ಹಿಂದೆ ಅವಳ ಒಬ್ಬಳೇ ಮಗಳು ಮಧುಮತಿ, ಕಾಳಿ ನದಿಯಲ್ಲಿ ಪ್ರವಾಸಿಗರ ಬೋಟು ನಡೆಸುವ ಮಹಾಬಳೇಶ್ವರ ಎಂಬ ಸಿದ್ದಿ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿ ಅವನ ಊರು ಗಣೇಶಗುಡಿ ಸೇರಿದ್ದಳು. "ನನ್ನ ಪಾಲಿಗೆ ನೀ ಸತ್ತಿ" ಎಂದು ಗುರುಬಸವ್ವ ಫೋನಿನಲ್ಲಿ ಚೀರಿದ್ದಳು. ಅಂದಿನಿಂದ ಆ ಕಡೆಯ ಸುದ್ದಿಯಿಲ್ಲ. ಈಗ ನೋಡಿದರೆ ಅವರ ಕಡೆಯವಳೊಬ್ಬಳು ಮನೆಯೊಳಗೇ ಬಂದು ಕೂತಿದ್ದಾಳೆ! ಕನ್ನಡ ಬಾರದವಳ ವೇಷ ಹಾಕಿಸಿ, ಅತ್ತೆಯ ಮನಸ್ಸನ್ನು ಮೆಲ್ಲಗೆ ಕರಗಿಸಿ, ಮಗಳನ್ನು ಹೊಸ್ತಿಲು ದಾಟಿಸುವ ಅಳಿಯನ ಹುನ್ನಾರವಿದು. ಕರಗಬಾರದು, ಸತ್ತರೂ ಕರಗಬಾರದು ಎಂದು ಗುರುಬಸವ್ವ ಹಲ್ಲು ಕಚ್ಚಿದಳು.

ಓಣಿಯವರದು ಬೇರೆಯೇ ಭಯ. ಈ ಹುಡುಗಿ ಎಲ್ಲರನ್ನೂ ಕ್ರೈಸ್ತರನ್ನಾಗಿ ಮಾಡಿಬಿಟ್ಟರೆ? ಗುರುಬಸವ್ವ ಅದಕ್ಕೆ ಸೊಪ್ಪು ಹಾಕಲಿಲ್ಲ. ತನ್ನ ಕೊರಳಿನ ಲಿಂಗ ಬಿಚ್ಚಿಸುವವರು ಇನ್ನೂ ಹುಟ್ಟಿಬರಬೇಕು. ಅವಳ ಕಾವಲೇನಿದ್ದರೂ ಮಗಳ ಹೆಸರು ಯಾವಾಗ ಹೊರಬೀಳುತ್ತದೆ ಎಂಬುದಕ್ಕೆ.

ಹಾಗಾಗಿ ನೀಮಾಳ ದಿನವೆಲ್ಲ ಅವಳಿಗೆ ಬಾಯಿಪಾಠವಾಯಿತು. ನಸುಕಿನಲ್ಲಿ ಎದ್ದು ಮಂಚದ ಬದಿಗೆ ಮೊಣಕಾಲೂರಿ ಪ್ರಾರ್ಥನೆ. ಆಮೇಲೆ ನಳದ ಹತ್ತಿರ ಬಟ್ಟೆ ಒಗೆತ. ಹಾಸ್ಟೆಲಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು, ಕಜ್ಜಿ ತೊಳೆದು ಮುಲಾಮು ಹಚ್ಚುವುದು, ಹೇನು ತೆಗೆಯುವುದು. ಬಸ್ಸಿನಲ್ಲಿ ಸಿದ್ದಿ ಮುದುಕಿಯರು ತಮ್ಮ ಭಾಷೆಯಲ್ಲಿ ಮಾತಾಡಿಸಿ, ಉತ್ತರ ಬಾರದಿದ್ದಾಗ ಸೊಕ್ಕಿನವಳೆಂದು ಬೈಯುತ್ತಿದ್ದರಂತೆ. ರೋಜಿ ನಗುತ್ತ ಅದನ್ನು ಹೇಳಿದರೆ ಗುರುಬಸವ್ವ ನಗಲಿಲ್ಲ.

ಸಂಜೆ ನೀಮಾ ಗಿರಣಿಯಲ್ಲೇ ಬೀಸಿಸಿದ ಗೋವಿನಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು ಗಟ್ಟಿ ಮುದ್ದೆ ತಿರುವುತ್ತಿದ್ದಳು. ರೊಟ್ಟಿ ಬಡಿಯಲು ಬಾರದ ಹುಡುಗಿ ಈ ಸೀಮೆಯಲ್ಲಿ ಇರುತ್ತಾಳೆಯೇ ಎಂದು ಒಂದು ಗಳಿಗೆ ಅನುಮಾನ ಬಂದರೂ, ನಾಟಕ ಕಲಿಸಿದವರು ಚೆನ್ನಾಗಿಯೇ ಕಲಿಸಿದ್ದಾರೆ ಎಂದುಕೊಂಡು ಗುರುಬಸವ್ವ ಗಟ್ಟಿಯಾದಳು. ಮೇಲಾಗಿ ಅವಳು "ಅವ್ವಾ, ಊಟ ಆಯಿತೇ?" ಎಂದು ಕೇಳುತ್ತಿದ್ದಳು. 'ಅವ್ವಾ' ಎನ್ನಬೇಕೆಂದು ಹೇಳಿಕೊಟ್ಟವರು ಯಾರು? ಹಾಸ್ಟೆಲಿನ ಮಕ್ಕಳಂತೆ! ಮೂರು ವರ್ಷದಿಂದ ಆ ಮನೆಯಲ್ಲಿ ಯಾರೂ ಆಡದ ಶಬ್ದವದು. ಅದನ್ನು ಕೇಳಿದ ದಿನ ಗುರುಬಸವ್ವನಿಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಹೊಲದ ಕೆಲಸಕ್ಕೆ ಬರುವ ಹುಸೇನಸಾಬ ಸಿದ್ದಿಯನ್ನು ಕರೆಸಿ ಕಟ್ಟೆಯ ಮೇಲೆ ಕೂರಿಸಿದಳು. "ನಿಮ್ಮ ಭಾಷಾದಾಗ ಅಕಿನ್ನ ಚಂದಗೆ ಬೈದು ನೋಡು. ಮಾರಿ ಬದಲಾದ್ರ ನಿಮ್ಮಾಕಿನ."

ಹುಸೇನಸಾಬ ಮುಜುಗರದಿಂದಲೇ ಒಂದೆರಡು ಬೈದ. ನೀಮಾ ಕೈಮುಗಿದು, "ನಮಸ್ಕಾರ, ಚಹಾ ಕುಡಿಯುತ್ತೀರಾ?" ಎಂದಳು.

"ಈಕಿ ನಮ್ಮಾಕಿ ಅಲ್ರಿ ಅವ್ವಾರ" ಎಂದ ಹುಸೇನಸಾಬ, ನಾಚಿಕೆಯಿಂದ ನೆಲ ನೋಡುತ್ತ.

"ನೀನೂ ಅವರ ಜೋಡಿ ಸೇರೀಯೇನು?" ಎಂದು ಗುರುಬಸವ್ವ ಅವನನ್ನೂ ಅಟ್ಟಿದಳು.

ಹಿಟ್ಟು ಬೀಸುತ್ತ, ಆ ಸದ್ದಿನೊಳಗೆ ಯಾರಿಗೂ ಕೇಳದಂತೆ, ಅವಳು ತನ್ನ ಉತ್ತರವನ್ನು ಒದರಿ ಒದರಿ ರೂಢಿ ಮಾಡಿಕೊಂಡಳು. 'ಹೋಗಿ ಹೇಳು ಅಕಿಗೆ, ಈ ಮನಿ ಅಕಿಗಿಲ್ಲಂತ.' ಆದರೆ ನೀಮಾ ಮಗಳ ವಿಷಯ ತೆಗೆಯಲೇ ಇಲ್ಲ. ಮಳೆಗಾಲ ಮುಗಿಯಿತು, ದೀಪಾವಳಿ ಕಳೆಯಿತು. ಎಷ್ಟು ಸಾವಕಾಶದ ಸಂಚು ಇದು ಎಂದು ಗುರುಬಸವ್ವನಿಗೆ ರೇಗಿತು.

ಒಂದು ಭಾನುವಾರ ಸಂಜೆ ನೀಮಾ ದಣಿದು ಬಂದಳು. ಎಲ್ಲಿಗೆ ಹೋಗಿದ್ದಿ ಎಂದರೆ, ಪ್ರಾರ್ಥನೆಗೆ ಗಣೇಶಗುಡಿಯ ಚರ್ಚಿಗೆ ಎಂದಳು. ಮಗಳ ಊರು! ಗುರುಬಸವ್ವ ಗಿರಣಿಯ ಸ್ವಿಚ್ ಆರಿಸಿ, ಸೆರಗಿನ ಹಿಟ್ಟು ಕೊಡವುತ್ತ ನೆಟ್ಟಗೆ ಅವಳ ಕೋಣೆಗೆ ನುಗ್ಗಿದಳು.

"ಸಾಕು ಮಾಡು ನಾಟಕ. ನಿನ್ನ ಯಾರ ಕಳಿಸ್ಯಾರ ಇಲ್ಲಿ?"

"ದೇವರು" ಎಂದಳು ನೀಮಾ, ಮಿಶನರಿಗಳು ಹೇಳುವಂತೆ.

"ದೇವ್ರನ್ನ ಯಾಕ ನಡುವ ಎಳೀತಿ? ಹೆಸರ ಹೇಳು, ಹೆಸರ!"

ಅಷ್ಟರಲ್ಲಿ ನೀಮಾಳ ಫೋನಿನಲ್ಲಿ ವಿಡಿಯೋ ಕರೆ ಬಂತು. ಪರದೆಯಲ್ಲಿ ಬಾಳೆಗಿಡಗಳ ಮುಂದೆ ಕೂತ ಒಬ್ಬ ಹೆಂಗಸು. ಆ ಮುಖ ನೀಮಾಳ ಪಡಿಯಚ್ಚು. ಮಗಳನ್ನು ಕಂಡದ್ದೇ ತಡ ಅವಳು ಪಟಪಟ ಮಾತಾಡತೊಡಗಿದಳು. ಎಷ್ಟು ಕಿವಿಗೊಟ್ಟರೂ ಗುರುಬಸವ್ವನಿಗೆ ಪರಿಚಯದ ಒಂದು ಸೊಲ್ಲೂ ಸಿಗಲಿಲ್ಲ.

"ಇವರು ನನ್ನ ತಾಯಿ. ನಿಮಗೆ ಎಷ್ಟು ಮಕ್ಕಳು ಎಂದು ಕೇಳುತ್ತಾರೆ" ಎಂದಳು ನೀಮಾ.

ಈ ಪ್ರಶ್ನೆ ಬಂದಾಗಲೆಲ್ಲ ಇಲ್ಲವೆನ್ನುವುದು ಗುರುಬಸವ್ವನಿಗೆ ರೂಢಿಯಾಗಿತ್ತು. ಇನ್ನೊಬ್ಬ ತಾಯಿಯ ಮುಖ ನೋಡುತ್ತ ಆ ಸುಳ್ಳು ಬಾಯಿಗೆ ಬರಲಿಲ್ಲ. "ಒಬ್ಬಾಕಿ" ಎಂದಳು. "ಗಣೇಶಗುಡಿಯಾಗ ಅದಾಳ."

ನೀಮಾಳ ಕಣ್ಣು ಅರಳಿತು. "ನಿಮಗೆ ಮಗಳಿದ್ದಾಳೆಯೇ? ನನಗೆ ಗೊತ್ತೇ ಇರಲಿಲ್ಲ ಅವ್ವಾ! ಮೊದಲೇ ಹೇಳಿದ್ದರೆ ಇವತ್ತು ನೋಡಿ ಬರುತ್ತಿದ್ದೆ. ಹೆಸರು ಏನು?"

ಗುರುಬಸವ್ವ ಹುಡುಗಿಯ ಮುಖವನ್ನು ಚೀಲದ ತಳ ಹುಡುಕುವಂತೆ ಹುಡುಕಿದಳು. ಅಲ್ಲಿ ಏನೂ ಇರಲಿಲ್ಲ. ಸಂಚಿರಲಿಲ್ಲ, ವೇಷವಿರಲಿಲ್ಲ. ಇವಳು ನಿಜವಾಗಿಯೂ ದೂರದ ದೇಶದವಳು, ಅವಳ ಅವ್ವ ಅಲ್ಲಿ ಬಾಳೆಗಿಡದ ಕೆಳಗೆ ಕೂತಿದ್ದಾಳೆ. ಮಧುಮತಿಗೂ ಇವಳಿಗೂ ಯಾವ ಸಂಬಂಧವೂ ಇಲ್ಲ.

ಗುರುಬಸವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ಎದೆಯೊಳಗಿನ ಸಿಟ್ಟೆಲ್ಲ ಅಳುವಾಗಿ ನುಗ್ಗಿ ಬಂತು. ನೀಮಾ ಗಾಬರಿಯಾಗಿ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.

"ಮೂರು ವರ್ಷ ಆತು" ಎಂದು ಗುರುಬಸವ್ವ ಬಿಕ್ಕಿದಳು. "ಮೂರು ವರ್ಷದಾಗ ಒಬ್ಬರನ್ನರ ಕಳಸಬಾರ್ದೇನ ಅಕಿ?"